ಇಟ್ಟಿಗೆ ಕೆಂಪು

ಅಪ್ಪನಿಗೆ ಇನ್ಸುಲಿನ್ ಶುರುವಾದ ವರ್ಷ ನಾನು ಬೇಲೂರಿನ ಒಂದು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ವಾರವಿಡೀ ಅಲ್ಲೇ ಬಾಡಿಗೆ ಕೋಣೆ. ಶನಿವಾರ ಮಧ್ಯಾಹ್ನ ತರಗತಿ ಮುಗಿಸಿ, ಹಳೇಬೀಡಿನ ಮೇಲೆ ಹೋಗುವ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಅರಸೀಕೆರೆಯ ಮನೆಯಲ್ಲಿರುತ್ತಿದ್ದೆ. ಅಪ್ಪನದು ಕೊಬ್ಬರಿ ವ್ಯಾಪಾರ, ಮಾರ್ಕೆಟ್ ಯಾರ್ಡಿನಲ್ಲಿ ಅಂಗಡಿ. ಆಗ ಅವರಿಗೆ ಐವತ್ತೆರಡು ವರ್ಷ. ಸಕ್ಕರೆ ಕಾಯಿಲೆ ಬಂದು ಆರು ವರ್ಷ ಮಾತ್ರೆಯಲ್ಲೇ ಕಳೆದಿದ್ದರು. ಆ ಮಳೆಗಾಲದಲ್ಲಿ ಡಾಕ್ಟರು, ಇನ್ನು ಮಾತ್ರೆ ಸಾಲದು, ದಿನಾ ಬೆಳಿಗ್ಗೆ ಸೂಜಿ ಚುಚ್ಚಿಕೊಳ್ಳಬೇಕು ಎಂದರು.

ಮೊದಲ ಶೀಷೆ ಮನೆಗೆ ತಂದ ದಿನ ಅಪ್ಪ ನನ್ನನ್ನು ಕರೆದು ಕೇಳಿದರು: "ಇದನ್ನ ಯಾವುದರಿಂದ ಮಾಡ್ತಾರವ್ವ?"

ನನಗೆ ಗೊತ್ತಿತ್ತು. ಅವತ್ತಿನ ದಿನಗಳಲ್ಲಿ ನಮ್ಮೂರಿನ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತಿದ್ದದ್ದು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿಯೂ ಇತ್ತು. ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಅಪ್ಪ ದಿನಾ ಲಿಂಗಪೂಜೆ ಮಾಡಿಯೇ ಬಾಯಿಗೆ ಏನಾದರೂ ಹಾಕುವವರು.

"ಕಂಪನೀಲಿ ಮಾಡ್ತಾರೆ ಕಣಪ್ಪ. ರಾಸಾಯನಿಕ" ಎಂದೆ.

ಅಪ್ಪ ಮತ್ತೆ ಕೇಳಲಿಲ್ಲ. ನಾನು ಡಬ್ಬಿಯನ್ನೂ ಅದರೊಳಗಿದ್ದ ಮಡಿಸಿದ ಚೀಟಿಯನ್ನೂ ಬಚ್ಚಲ ಒಲೆಗೆ ಹಾಕಿದೆ. ಮಾರನೆಯ ದಿನ ಮೆಡಿಕಲ್ ಸ್ಟೋರಿನವರಿಗೆ, ಮುಂದೆ ಅಪ್ಪ ಬಂದರೆ ಡಬ್ಬಿ ಬಿಚ್ಚಿ ಬರೀ ಶೀಷೆ ಕೊಡಿ ಎಂದು ಹೇಳಿಬಂದೆ. ಅದು ಜಾಣತನ ಅಂದುಕೊಂಡಿದ್ದೆ.

ಮೊದಮೊದಲು ಎಲ್ಲ ಸರಿಯಾಗಿತ್ತು. ಒಂದು ಗಡಿಗೆಗೆ ಒದ್ದೆ ಮರಳು ತುಂಬಿ ಅದರಲ್ಲಿ ಶೀಷೆ ಇಡುತ್ತಿದ್ದರು. ಡಾಕ್ಟರ ಕಾಂಪೌಂಡರ್ ಹೇಳಿಕೊಟ್ಟ ಹಾಗೆ ಅಪ್ಪನೇ ಚುಚ್ಚಿಕೊಳ್ಳುತ್ತಿದ್ದರು. ನಾನು ಕಾಲೇಜಿನ ಲ್ಯಾಬಿನಿಂದ, ಪ್ರಾಂಶುಪಾಲರನ್ನು ಕೇಳಿಯೇ, ಸಕ್ಕರೆ ಪರೀಕ್ಷೆಯ ನೀಲಿ ದ್ರಾವಣವನ್ನು ಒಂದು ಸಣ್ಣ ಬಾಟಲಿಯಲ್ಲಿ ತಂದಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಅಪ್ಪ ಮೂತ್ರವನ್ನು ಒಂದು ಬಾಟಲಿಯಲ್ಲಿ ಹಿಡಿದು ಬಚ್ಚಲ ಕಟ್ಟೆಯ ಮೇಲಿಡುತ್ತಿದ್ದರು. ನಾನು ಪ್ರನಾಳದಲ್ಲಿ ನೀಲಿ ದ್ರಾವಣ ಹಾಕಿ, ಎಂಟು ಹನಿ ಮೂತ್ರ ಸೇರಿಸಿ, ಸ್ಪಿರಿಟ್ ದೀಪದ ಮೇಲೆ ಕುದಿಸುತ್ತಿದ್ದೆ. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗೇ ಉಳಿಯುತ್ತದೆ. ಸ್ವಲ್ಪ ಇದ್ದರೆ ಹಸಿರು, ಆಮೇಲೆ ಹಳದಿ, ಕಿತ್ತಳೆ. ತುಂಬ ಇದ್ದರೆ ಇಟ್ಟಿಗೆ ಕೆಂಪು. ಮೂರು ತಿಂಗಳು ಅಪ್ಪನ ಪ್ರನಾಳ ನೀಲಿ, ಹಸಿರುಗಳ ನಡುವೆಯೇ ಓಡಾಡಿಕೊಂಡಿತ್ತು.

ದೀಪಾವಳಿ ಕಳೆದ ಎರಡನೆಯ ಭಾನುವಾರ ಅದು ಕೆಂಪಾಯಿತು.

ಅವ್ವ ಹಬ್ಬಕ್ಕೆ ಕಜ್ಜಾಯ ಮಾಡಿದ್ದಳು. ಡಬ್ಬಿ ತುಂಬ ಮಾಡಿ ಅಟ್ಟದ ಮೇಲಿಟ್ಟರೆ ಕಾರ್ತಿಕ ಮುಗಿಯುವವರೆಗೂ ಕೆಡುವುದಿಲ್ಲ. ನಾನು ಪ್ರನಾಳವನ್ನು ಕೈಯಲ್ಲಿ ಹಿಡಿದೇ ಅಡಿಗೆಮನೆಗೆ ಹೋದೆ.

"ಅಪ್ಪ ಎಷ್ಟು ಕಜ್ಜಾಯ ತಿಂದ್ರು?"

"ಹಬ್ಬದ ದಿನ ಒಂದು ಚೂರು. ನೀನೇ ಕಣ್ಣಾರೆ ಕಂಡ್ಯಲ್ಲ."

"ಆಮೇಲೆ?"

"ಆಮೇಲೆ ಯಾರ್ ಕೊಡ್ತಾರೆ? ಲಿಂಗ ಕೈಲಿ ಹಿಡಿಯೋರು ಕದ್ದು ತಿಂತಾರೇನೇ?"

ನಾನು ನಂಬಲಿಲ್ಲ. ಉಳಿದ ಕಜ್ಜಾಯವನ್ನು ಎಣಿಸಿಟ್ಟು ಬೇಲೂರಿಗೆ ಹೋದೆ. ಮುಂದಿನ ವಾರ ಲೆಕ್ಕ ಸರಿಯಾಗೇ ಇತ್ತು. ಪ್ರನಾಳ ಮಾತ್ರ ಮತ್ತೆ ಕೆಂಪು. ಆಗ ಬೆಲ್ಲದ ಮೇಲೆ ಕಣ್ಣು ಬಿತ್ತು. ಕೊಬ್ಬರಿ ಬೆಲ್ಲ ಎಂದರೆ ಅಪ್ಪನಿಗೆ ಪ್ರಾಣ. ಚಿಕ್ಕವಳಿದ್ದಾಗ ಅಂಗಡಿಗೆ ಹೋದರೆ ಒಂದು ಹೋಳು ಕೊಬ್ಬರಿಗೆ ಒಂದು ಚೂರು ಬೆಲ್ಲ ಒತ್ತಿ ನನಗೊಂದು, ತಮಗೊಂದು ಮಾಡುತ್ತಿದ್ದರು. ನಾನು ಬೆಲ್ಲದ ಡಬ್ಬಿಯ ಒಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಅದು ಅವ್ವನ ಕಣ್ಣಿಗೆ ಬಿತ್ತು. ಅವಳು ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಚೀಲದೊಳಗೆ ಇಟ್ಟಳು.

"ತಗಂಡೋಗು ನಿನ್ ಬೇಲೂರಿಗೆ. ಬೆಲ್ಲ ಇಲ್ದೆ ಸಾರು ಮಾಡೋಕೆ ನಂಗೆ ಬತ್ತದೆ."

ಸುಮಾರು ಎರಡು ಕೆಜಿ ಬೆಲ್ಲ ತೊಡೆಯ ಮೇಲಿಟ್ಟುಕೊಂಡು ನಾನು ಬಸ್ಸಿನಲ್ಲಿ ಕೂತೆ. ಮುಂದಿನ ಭಾನುವಾರವೂ ಕೆಂಪು.

ಮನೆಯಲ್ಲಿ ಬೆಲ್ಲವೇ ಇಲ್ಲದಿದ್ದರೂ ಕೆಂಪಾಗಿದೆ ಎಂದರೆ ಕಾರಣ ಬೆಲ್ಲವಲ್ಲ ಎಂದು ನಾನು ಯೋಚಿಸಬೇಕಿತ್ತು. ತರಗತಿಯಲ್ಲಿ ಮಕ್ಕಳಿಗೆ ನಾನೇ ಹೇಳುತ್ತಿದ್ದ ಪಾಠ ಅದು. ಆದರೆ ನಾನು ಯೋಚಿಸಿದ್ದು, ಹಾಗಾದರೆ ಅಂಗಡಿಯಲ್ಲಿ ತಿನ್ನುತ್ತಿದ್ದಾರೆ ಎಂದು. ಅಪ್ಪ ಸ್ನಾನಕ್ಕೆ ಹೋದಾಗ ಗೂಟಕ್ಕೆ ಹಾಕಿದ್ದ ಅಂಗಿಯ ಜೇಬು ತಡಕಿದೆ. ಕೊಬ್ಬರಿಯ ಪುಡಿ ಸಿಕ್ಕಿತು. ಮೂಸಿ ನೋಡಿದೆ. ಅಷ್ಟರಲ್ಲಿ ಟವೆಲ್ಲಿಗೆ ಬಂದ ಅಪ್ಪ ಬಾಗಿಲಲ್ಲಿ ನಿಂತಿದ್ದರು. ನೋಡಿದರು, ಟವೆಲ್ ತಗೊಂಡು ಹೋದರು.

ಡಾಕ್ಟರೂ ನನ್ನ ಕಡೆಯೇ. "ಪಥ್ಯ ಮಾಡ್ತಿಲ್ಲ ನಿಮ್ಮ ತಂದೆ" ಎಂದು ಇನ್ಸುಲಿನ್ ಪ್ರಮಾಣ ಹೆಚ್ಚಿಸಿದರು. ಏನೂ ಬದಲಾಗಲಿಲ್ಲ. ಅಪ್ಪ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ಕೈಗಡಿಯಾರ ಮೊಣಕೈವರೆಗೂ ಜಾರುತ್ತಿತ್ತು. ಕೊಬ್ಬರಿ ಹೆಚ್ಚುವಾಗ ಹೆಬ್ಬೆರಳಿಗೆ ಆದ ಗಾಯ ಮೂರು ವಾರವಾದರೂ ಮಾಯಲಿಲ್ಲ.

ಡಿಸೆಂಬರಿನಲ್ಲಿ ಒಂದು ಬುಧವಾರ ರಜೆ ಹಾಕಿ, ಯಾರಿಗೂ ಹೇಳದೆ, ಬೆಳಗಿನ ಬಸ್ಸಿಗೆ ಬಂದು ನೇರ ಯಾರ್ಡಿಗೆ ಹೋದೆ. ಮೂಟೆಗಳ ಮರೆಯಲ್ಲಿ ನಿಂತು ನೋಡಿದೆ. ಅಪ್ಪ ಒಬ್ಬರೇ ಕೂತಿದ್ದರು. ಒಂದು ಕೊಬ್ಬರಿ ಗಿಟುಕನ್ನು ಕಿವಿಯ ಹತ್ತಿರ ಕುಲುಕಿ, ಒಡೆದು, ಒಂದು ಚೂರು ಬಾಯಿಗೆ ಹಾಕಿಕೊಂಡರು.

"ಏನ್ ತಿಂತಿದೀರಪ್ಪ?" ಎನ್ನುತ್ತ ಮುಂದೆ ಬಂದೆ.

ಅಪ್ಪ ಬೆಚ್ಚಲಿಲ್ಲ. ಬಾಯಲ್ಲಿದ್ದದ್ದನ್ನು ಅಂಗೈಗೆ ಉಗುಳಿ ನನ್ನ ಮುಂದೆ ಚಾಚಿದರು. ಬರೀ ಕೊಬ್ಬರಿ. ಒಣಗಿದೆಯೋ ಇಲ್ಲವೋ ಎಂದು ಎಲ್ಲ ವ್ಯಾಪಾರಿಗಳೂ ಹಾಗೆ ಕಚ್ಚಿ ನೋಡುತ್ತಾರೆ.

"ನಾನು ಕಳ್ಳನೇನವ್ವ?"

"ನಾನು ಹಂಗಂದ್ನಾ? ಸುಳ್ಳು ಹೇಳ್ಬೇಡಿ ಅಂತ ಅಷ್ಟೆ."

ಅಪ್ಪ ಕೈ ಒರೆಸಿಕೊಂಡರು. "ಸುಳ್ಳು ನೀನ್ ಹೇಳ್ದೆ. ಆ ಔಷಧಿ ಪ್ರಾಣೀದು ಅಂತ ಮೊದಲ್ನೇ ವಾರಾನೇ ಕಾಂಪೌಂಡರ್ ಹೇಳ್ದ. ಬದುಕ್ಬೇಕಲ್ಲ, ತಗತಿದೀನಿ. ನಿಮ್ಮವ್ವಂಗೆ ಗೊತ್ತಾದ್ರೆ ನೊಂದ್ಕತಾಳೆ ಅಂತ ಸುಮ್ನಿದೀನಿ. ನಾನೇನಾದ್ರೂ ನಿನ್ ಚೀಲ ತಡಕಿದ್ನಾ?"

ಹಾಗೇ ಬಸ್‌ ಸ್ಟ್ಯಾಂಡಿಗೆ ನಡೆದೆ. ನಾಚಿಕೆಯಾಯಿತು, ನಿಜ. ಆದರೆ ಹಳೇಬೀಡು ಬರುವಷ್ಟರಲ್ಲಿ ಮನಸ್ಸು ಮತ್ತೆ ತನ್ನ ದಾರಿ ಹಿಡಿದಿತ್ತು: ಅಷ್ಟು ದಿನ ಗುಟ್ಟು ಇಟ್ಟುಕೊಳ್ಳಬಲ್ಲವರು ಇನ್ನೊಂದನ್ನೂ ಇಟ್ಟುಕೊಳ್ಳಬಲ್ಲರು.

ಅಂದಿನಿಂದ ಅಪ್ಪ ನನ್ನ ಜೊತೆ ಮಾತು ಕಡಿಮೆ ಮಾಡಿದರು. ರಾತ್ರಿಯ ಮುದ್ದೆಯನ್ನು ಅರ್ಧಕ್ಕೆ ಇಳಿಸಿದರು. ಭಾನುವಾರ ಬಾಟಲಿ ಮಾತ್ರ ತಪ್ಪದೆ ಬಚ್ಚಲ ಕಟ್ಟೆಯ ಮೇಲಿರುತ್ತಿತ್ತು, ಮುಚ್ಚಳ ಬಿಗಿಯಾಗಿ ತಿರುಗಿಸಿ.

ಆ ತಿಂಗಳು ತರಗತಿಯಲ್ಲಿ ಜೀವಕೋಶದ ಅಣುಗಳ ಪಾಠ ನಡೆಯುತ್ತಿತ್ತು. ಜೀವಕೋಶದ ಸುತ್ತ ಕೊಬ್ಬಿನ ಎರಡು ಪದರದ ಪೊರೆಯಿದೆ, ಗ್ಲೂಕೋಸ್ ತಾನಾಗಿ ಅದನ್ನು ದಾಟಲಾರದು, ದಾಟಿಸಲು ಪ್ರೋಟೀನಿನ ಬಾಗಿಲುಗಳಿವೆ, ಸ್ನಾಯುವಿನ ಕೋಶಗಳಲ್ಲಿ ಆ ಬಾಗಿಲುಗಳು ಪೊರೆಗೆ ಬಂದು ನಿಲ್ಲಬೇಕಾದರೆ ಇನ್ಸುಲಿನ್ ಬಂದು ತಿಳಿಸಬೇಕು ಎಂದು ಬೋರ್ಡಿನ ಮೇಲೆ ಚಿತ್ರ ಬರೆದಿದ್ದೆ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ. ಯಾವ ಅಮೈನೋ ಆಮ್ಲದ ಪಕ್ಕ ಯಾವುದು ಎಂಬುದು ಡಿಎನ್‌ಎಯಲ್ಲಿ ಬರೆದಿರುತ್ತದೆ. ಆದರೆ ಬರೀ ಸರಪಳಿಯಿಂದ ಕೆಲಸವಾಗುವುದಿಲ್ಲ, ಅದು ಸರಿಯಾಗಿ ಮಡಿಸಿಕೊಂಡಿರಬೇಕು. ಮಡಿಕೆ ಕೆಟ್ಟರೆ ಅದೇ ಅಮೈನೋ ಆಮ್ಲಗಳಿದ್ದರೂ ಅದು ಉಪಯೋಗಕ್ಕೆ ಬಾರದ ವಸ್ತು. ಬೆಂದ ಮೊಟ್ಟೆಯ ಬಿಳಿ ಮತ್ತೆ ನೀರಾಗುವುದಿಲ್ಲ ಎಂದು ಉದಾಹರಣೆ ಕೊಟ್ಟಿದ್ದೆ. ಇಷ್ಟೆಲ್ಲ ಹೇಳಿದವಳು ಅಪ್ಪನ ಔಷಧಿಯ ಶೀಷೆಯನ್ನು ಒಮ್ಮೆಯೂ ಬೆಳಕಿಗೆ ಹಿಡಿದು ನೋಡಿರಲಿಲ್ಲ. ಸೂಜಿ ಕಂಡರೆ ನನಗೆ ಆಗುತ್ತಿರಲಿಲ್ಲ. ಅವರು ಚುಚ್ಚಿಕೊಳ್ಳುವ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಸಂಕ್ರಾಂತಿಗೆ ಮುಂಚಿನ ಭಾನುವಾರ ಅಪ್ಪನಿಗೆ ಏಳಲಾಗಲಿಲ್ಲ. ತಲೆ ಸುತ್ತುತ್ತದೆ ಎಂದು ಮಲಗಿದಲ್ಲಿಂದಲೇ ಹೇಳಿದರು: "ಎದುರುಮನೇಲಿ ಔಷಧಿ ಐತೆ, ತಗಂಬಾ."

ಎದುರುಮನೆಯವರು ಒಬ್ಬ ಪ್ರೈಮರಿ ಶಾಲೆಯ ಟೀಚರು. ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಅವರ ನಡುಮನೆಯಲ್ಲಿ ಬುದ್ಧನ ಪಟವಿತ್ತು. ನನ್ನ ಅಜ್ಜಿ ಬದುಕಿದ್ದಷ್ಟು ದಿನ ನಮ್ಮ ಮನೆಯವರು ಅವರಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ. ನಾನು ಅವರನ್ನು ಟೀಚರಕ್ಕ ಎಂದು ಕರೆಯುತ್ತಿದ್ದೆ. ದೀಪಾವಳಿಗೆ ಅವರು ಫ್ರಿಜ್ ತಂದಾಗ, "ಮರಳಲ್ಲಿ ಯಾಕಣ್ಣ, ನಮ್ಮನೇಲಿ ಇಡಿ" ಎಂದು ತಾವೇ ಬಂದು ಹೇಳಿದ್ದರು. ಅಂದಿನಿಂದ ಶೀಷೆ ಅವರ ಫ್ರಿಜ್ಜಿನಲ್ಲೇ ಇರುತ್ತಿತ್ತು. ದೀಪಾವಳಿ ಎಂದರೆ ನನಗೆ ಕಜ್ಜಾಯವಷ್ಟೇ ನೆನಪಿಗೆ ಬರುತ್ತಿತ್ತು.

ಟೀಚರಕ್ಕ ಫ್ರಿಜ್ಜಿನ ಬಾಗಿಲು ತೆಗೆದರು. ಕೈ ನೇರ ಮೇಲಿನ ಮಂಜುಗಡ್ಡೆಯ ಖಾನೆಗೆ ಹೋಯಿತು. ಐಸ್ ಟ್ರೇಯ ಪಕ್ಕದಿಂದ ಶೀಷೆ ತೆಗೆದು ಸೆರಗಿನಲ್ಲಿ ಒರೆಸಿ ಕೊಟ್ಟರು. ಒಳಗೆ ಕಲ್ಲಿನಂತೆ ಗಟ್ಟಿಯಾಗಿತ್ತು.

"ಯಾವಾಗ್ಲೂ ಇಲ್ಲೇ ಇಡ್ತೀರಾ ಅಕ್ಕ?"

"ಹೂಂ ಕಣಮ್ಮ. ಕರೆಂಟ್ ಹೋಯ್ತಾ ಇರುತ್ತಲ್ಲ, ಮೇಲಿದ್ರೆ ತಣ್ಣಗೇ ಇರುತ್ತೆ. ಅಣ್ಣಾರು ಜೇಬಲ್ಲಿ ಹಾಕ್ಕೊಂಡು ಒಂದು ಸುತ್ತು ನಡೆದು ಬರ್ತಾರೆ, ಅಷ್ಟೊತ್ತಿಗೆ ಕರಗಿರುತ್ತೆ."

ಮನೆಗೆ ಬಂದು ಶೀಷೆಯನ್ನು ಅಂಗೈಯಲ್ಲಿ ಹಿಡಿದು ಕೂತೆ. ಕರಗಿತು. ಒಂದೇ ಸಮ ಹಾಲಿನಂತೆ ಇರಬೇಕಾದದ್ದು ಒಡೆದ ಹಾಲಿನಂತೆ ಚೂರುಚೂರಾಗಿ ಗಾಜಿಗೆ ಅಂಟಿಕೊಂಡಿತ್ತು. ಮೆಡಿಕಲ್ ಸ್ಟೋರು ತೆಗೆಯುವುದನ್ನೇ ಕಾದು ಹೊಸ ಶೀಷೆಯನ್ನು ಡಬ್ಬಿಯ ಸಮೇತ ಕೇಳಿ ತಂದೆ. ಒಳಗಿನ ಚೀಟಿ ಬಿಡಿಸಿದೆ. ಹೆಪ್ಪುಗಟ್ಟಲು ಬಿಡಬಾರದು, ಹೆಪ್ಪುಗಟ್ಟಿದ್ದನ್ನು ಬಳಸಬಾರದು ಎಂದು ಎದ್ದು ಕಾಣುವ ಅಕ್ಷರದಲ್ಲಿತ್ತು. ನನ್ನ ಸುಳ್ಳು ಬಯಲಾಗಬಾರದೆಂದು ನಾನು ಬಚ್ಚಲ ಒಲೆಗೆ ಹಾಕಿದ್ದು ಇದೇ ಚೀಟಿಯನ್ನು. ಅದು ಶೀಷೆಯ ಜೊತೆ ಡಬ್ಬಿಯಲ್ಲೇ ಇದ್ದಿದ್ದರೆ ಟೀಚರಕ್ಕ ಓದಿಯೇ ಓದುತ್ತಿದ್ದರು.

ಡಾಕ್ಟರು ಮನೆಗೆ ಬಂದು ನೋಡಿದರು. ಎರಡು ತಿಂಗಳಿಗೂ ಹೆಚ್ಚು ಕಾಲ ಅಪ್ಪ ಚುಚ್ಚಿಕೊಂಡದ್ದರಲ್ಲಿ ಹೆಚ್ಚಿನದು ಸತ್ವವಿಲ್ಲದ ಔಷಧಿ ಎಂದರು. ಹೆಚ್ಚಿಸಿದ್ದ ಪ್ರಮಾಣ ಇಳಿಸಿ, ಹೊಸ ಶೀಷೆಯಿಂದ ತಾವೇ ಚುಚ್ಚಿದರು.

ಅವರು ಹೋದ ಮೇಲೆ ಅವ್ವ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದಳು. "ಓದಿದ ಹೆಂಗಸು. ಗೊತ್ತಿಲ್ದೆ ಇರ್ತದಾ? ಹಳೇದೆಲ್ಲ ಮನಸಲ್ಲಿಟ್ಕಂಡು ಬೇಕಂತ್ಲೇ..."

ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಇಷ್ಟ್ ದಿನ ಎಲ್ರೂ ನನ್ ಮೇಲೆ ಅನುಮಾನ ಪಟ್ರಿ. ಈಗ ಆಯಮ್ಮನ ಸರದಿಯಾ?"

ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ಡಬ್ಬಿ ಸುಟ್ಟದ್ದು, ಮೆಡಿಕಲ್ ಸ್ಟೋರಿನವರಿಗೆ ಹೇಳಿದ್ದು, ಎಲ್ಲ ಹೇಳಿದೆ. ಔಷಧಿ ಯಾವುದರಿಂದ ಬರುತ್ತದೆ ಎಂಬುದನ್ನೂ ಅವ್ವನ ಎದುರಿಗೇ ಹೇಳಿದೆ. ಅವ್ವ, "ಉಳುಸ್ತದಲ್ಲ, ಸಾಕು" ಎಂದು ಒಳಗೆ ಹೋದಳು. ತಪ್ಪಾಯಿತು ಎಂದು ಅಪ್ಪನಿಗೆ ಹೇಳಿದೆ. ಅವರು ನನ್ನ ತಲೆ ಮುಟ್ಟಲಿಲ್ಲ, ಬೈಯಲೂ ಇಲ್ಲ. "ಟೀಚರಮ್ಮಂಗೆ ನೀನೇ ಹೇಳು. ಅವರದೇನೂ ತಪ್ಪಿಲ್ಲ ಅಂತ ಮೊದಲು ಹೇಳು, ಮಿಕ್ಕಿದ್ದು ಆಮೇಲೆ" ಎಂದರು.

ಹಾಗೇ ಹೇಳಿದೆ. ಟೀಚರಕ್ಕ ಫ್ರಿಜ್ಜಿಗೆ ಒರಗಿ ನಿಂತುಬಿಟ್ಟರು. "ನಿಮ್ಮನೇಲಿ ನನ್ನ ಬಗ್ಗೆ ಏನಂದ್ರು?" ಎಂದು ಕೇಳಿದರು. ಏನೂ ಅನ್ನಲಿಲ್ಲ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಆದರೂ ಶೀಷೆ ಅಲ್ಲೇ ಉಳಿಯಿತು, ಕೆಳಗಿನ ಬಾಗಿಲಿನ ಖಾನೆಯಲ್ಲಿ.

ಫೆಬ್ರವರಿಯ ಹೊತ್ತಿಗೆ ಅಪ್ಪ ಮತ್ತೆ ಅಂಗಡಿಗೆ ಹೋಗತೊಡಗಿದರು. ಹೆಬ್ಬೆರಳ ಗಾಯ ಮಾಯಿತು. ಬಣ್ಣ ಹಸಿರಿಗೆ ಇಳಿದದ್ದನ್ನು ನಾನು ಕಂಡಿದ್ದು ಒಂದೇ ಸಲ. ಆಮೇಲೆ ಅವರು ಬಾಟಲಿಯನ್ನು ಡಾಕ್ಟರ ಹತ್ತಿರವೇ ತೆಗೆದುಕೊಂಡು ಹೋಗತೊಡಗಿದರು. ಯಾಕೆಂದು ನಾನು ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಬೆರಳು ಚುಚ್ಚಿ ನೋಡುವ ಮೀಟರು ಬಂತು. ಅಷ್ಟರಲ್ಲಿ ಟೀಚರಕ್ಕನಿಗೂ ಸಕ್ಕರೆ ಕಾಯಿಲೆ ಬಂದಿತ್ತು. ಬೆಳಿಗ್ಗೆ ಇಬ್ಬರೂ ನಮ್ಮ ಜಗಲಿಯ ಮೇಲೆ ಕೂತು, ಒಂದೇ ಮೀಟರಿನಲ್ಲಿ, ಸೂಜಿ ಬದಲಿಸಿಕೊಂಡು, ತಮ್ಮ ತಮ್ಮ ನಂಬರ್ ನೋಡಿಕೊಳ್ಳುತ್ತಿದ್ದರು. ರಜೆಯಲ್ಲಿ ಮನೆಗೆ ಬಂದ ನಾನು ಒಮ್ಮೆ ಬಾಗಿಲಲ್ಲಿ ನಿಂತು, "ಎಷ್ಟಿದೆ ಅಪ್ಪ?" ಎಂದೆ.

ಅಪ್ಪ ಮೀಟರನ್ನು ಟೀಚರಕ್ಕನ ಕಡೆ ತಿರುಗಿಸಿದರು. ಅವರು ನೋಡಿ ತಲೆಯಾಡಿಸಿದರು.

"ಪರವಾಗಿಲ್ಲ ಐತೆ ಕಣವ್ವ" ಎಂದರು ಅಪ್ಪ, ನನ್ನ ಕಡೆ ನೋಡದೆ.