ಹಾಯಿ ತಟ್ಟುವ ಕೈ

ಅಘನಾಶಿನಿಯ ಅಳಿವೆಯಲ್ಲಿ ಲಂಗರು ಹಾಕಿದ ಹಾಯಿದೋಣಿಯೇ ನಮ್ಮ ಮನೆ. ನಾನು, ನನ್ನ ಗಂಡ, ಎರಡು ಬೆಕ್ಕು. ಕರಿಬೆಕ್ಕು ಮಲಗುತ್ತಿದ್ದುದು ಮಡಿಸಿಟ್ಟ ಹಾಯಿಯೊಳಗೆ. ಹಾಗಾಗಿ ಹಗ್ಗ ಎಳೆಯುವ ಮುಂಚೆ ಇವರು ಹಾಯಿಯನ್ನು ಉದ್ದಕ್ಕೂ ಮೆಲ್ಲಗೆ ತಟ್ಟಿ, "ಏಳೇ, ಹೊತ್ತಾತು" ಎನ್ನುತ್ತಿದ್ದರು. ಆ ಮಹಾರಾಣಿ ಮೈಮುರಿದು ಇಳಿಯುವಷ್ಟರಲ್ಲಿ ಒಳ್ಳೆಯ ಗಾಳಿಯೆಲ್ಲ ಹೋಯಿತೆಂದು ನಾನು ಸಿಡುಕುತ್ತಿದ್ದೆ.

ಮೊನ್ನೆ ಅದು ವಯಸ್ಸಾಗಿ ಸತ್ತಿತು. ದಡದ ಗಾಳಿಮರದ ಬುಡದಲ್ಲಿ ಹುಗಿದು ಬಂದೆವು.

ಇಂದು ಬೆಳಿಗ್ಗೆ ಹೊರಡಲೆಂದು ಎದ್ದ ಇವರು ಎಂದಿನಂತೆ ಹಾಯಿ ತಟ್ಟಿದರು. ಸದ್ದು ಕೇಳಿ ಇನ್ನೊಂದು ಬೆಕ್ಕು ಓಡಿಬಂದು, ಕರಿಯದು ಇಳಿಯುತ್ತಿದ್ದ ಜಾಗದಲ್ಲೇ ಕೂತು ಮೇಲೆ ನೋಡತೊಡಗಿತು. ಇವರು ಹಗ್ಗ ಕೆಳಗಿಟ್ಟರು.

"ಇವತ್ತು ಒಂಚೂರೂ ಗಾಳಿ ಇಲ್ಲೆ" ಎಂದರು.

ಮುಖಕ್ಕೆ ಹಾರಿ ಬಡಿಯುತ್ತಿದ್ದ ಕೂದಲನ್ನು ಗಂಟು ಕಟ್ಟುತ್ತ, "ಹೌದು, ಇಲ್ಲೆ" ಎಂದೆ.