ಅತ್ತೆ ರೊಟ್ಟಿ ಬಿಟ್ಟಿದ್ದೇಕೆ

ನಾನು ಜೋಳದ ರೊಟ್ಟಿಯ ಸೀಮೆಯವಳು. ವಿಜಯಪುರದ ಕಡೆಯಿಂದ ಯಲಹಂಕದ ಕಾಲೇಜಿಗೆ ಪಾಠ ಮಾಡಲು ಬಂದವಳು, ಅಟ್ಟೂರಿನ ಒಕ್ಕಲು ಮನೆಯೊಂದಕ್ಕೆ ಸೊಸೆಯಾದೆ. ಅವರ ಹೊಲವೆಲ್ಲ ಎಂದೋ ಲೇಔಟಾಗಿತ್ತು. ಅಡುಗೆಮನೆಯಲ್ಲಿ ಮಾತ್ರ ಈಗಲೂ ರಾಗಿ ಮುದ್ದೆಯದೇ ದರ್ಬಾರು. ಮುದ್ದೆಯನ್ನು ಅಗಿಯುವಂತಿಲ್ಲ, ಸಾರಿನಲ್ಲಿ ಅದ್ದಿ ನುಂಗಬೇಕು. ಮೊದಲ ದಿನ ನಾನು ಅಗಿಯುತ್ತ ಕೂತದ್ದನ್ನು ನೋಡಿ ಅತ್ತೆ ಬಿದ್ದು ಬಿದ್ದು ನಕ್ಕಿದ್ದರು. ಆದರೆ ಭಾನುವಾರ ನಾನು ರೊಟ್ಟಿ ಬಡಿದರೆ ಎರಡು ತಿಂದು, ಮೂರನೆಯದಕ್ಕೂ ಕೈ ಚಾಚುತ್ತಿದ್ದರು. ಆ ಮೂರನೇ ರೊಟ್ಟಿಯಿಂದ ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತೆಂದು ಅವರಿಗೆ ಗೊತ್ತಿರಲಿಲ್ಲ.

ಕಳೆದ ವರ್ಷ ಅವರು ಇದ್ದಕ್ಕಿದ್ದಂತೆ ರೊಟ್ಟಿ ಮುಟ್ಟುವುದನ್ನೇ ಬಿಟ್ಟರು. "ನಂಗೆ ಮುದ್ದೇನೇ ಸಾಕು ಕಣವ್ವಾ" ಎನ್ನುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಅವರ ಕಿವಿಗೆ ಬೀಳಲೆಂದೇ ಗಂಡನಿಗೆ, "ನಮ್ಮ ರೊಟ್ಟಿ ನಿಮ್ಮವ್ವಗ ಸೇರೂದಿಲ್ಲಂದ್ರ ನೇರ ಹೇಳ್ಲಿ" ಎಂದೆ. ಅತ್ತೆ ತಲೆ ತಗ್ಗಿಸಿ ಮುದ್ದೆ ನುಂಗಿದರು. ಮುಂದಿನ ಭಾನುವಾರದಿಂದ ನಾನು ಅವರ ತಟ್ಟೆಗೆ ರೊಟ್ಟಿ ಹಾಕುವುದನ್ನೇ ನಿಲ್ಲಿಸಿದೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಒಂದು ದಿನ ಕಾಲೇಜಿನ ಗೆಳತಿಯರು ಊಟಕ್ಕೆ ಬಂದಿದ್ದರು. ಅತ್ತೆ ಅವರ ಪಕ್ಕ ಕೂತು ಮಾತಿಗಿಳಿದರು. ಅತ್ತೆಯ ಬಾಯಿಂದ ಕೆಟ್ಟ ವಾಸನೆ ಬರುತ್ತಿತ್ತು. ಗೆಳತಿಯೊಬ್ಬಳು ಮುಖ ತಿರುಗಿಸಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎಲ್ಲರಿಗೂ ಕೇಳುವಂತೆ, "ಅತ್ತೆ, ಬಾಯಿ ತೊಳ್ಕೊಂಡು ಬರ್ರಿ. ಎಲೆ ಅಡಿಕಿ ವಾಸನಿ" ಎಂದುಬಿಟ್ಟೆ. ಅವರು ಎದ್ದು ಹಿತ್ತಲಿಗೆ ಹೋದವರು ಗೆಳತಿಯರು ಹೊರಡುವವರೆಗೂ ಒಳಗೆ ಬರಲಿಲ್ಲ. ಆಮೇಲೆ ಎಲೆ ಅಡಿಕೆ ಬಿಟ್ಟರು, ದಿನಕ್ಕೆ ಮೂರು ಸಲ ಬ್ರಶ್ ಮಾಡತೊಡಗಿದರು, ಯಾರೊಡನೆ ಮಾತಾಡಿದರೂ ಸೆರಗು ಬಾಯಿಗೆ ಅಡ್ಡ. ಮುನಿಸು ತೋರಿಸುತ್ತಿದ್ದಾರೆ ಎಂದುಕೊಂಡೆ. ಇವತ್ತು ಅದನ್ನು ಬರೆಯುವಾಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರ ತಟ್ಟೆಯಲ್ಲಿ ಮುದ್ದೆ ಹಾಗೇ ಇತ್ತು. ಮುದ್ದೆಯನ್ನೂ ಬಿಟ್ಟರೆ ಏನೋ ಆಗಿರಲೇಬೇಕು. ಹತ್ತಿರ ಹೋಗಿ ಸೆರಗು ಸರಿಸಿದೆ. ಎಡಗೆನ್ನೆ ಕಣ್ಣಿನ ಕೆಳಗಿನವರೆಗೂ ಊದಿತ್ತು, ಮುಟ್ಟಿದರೆ ಸುಡುತ್ತಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. "ಅಲ್ಲು ನೋವು ಕಣವ್ವಾ, ಓಯ್ತದೆ ಬುಡು" ಎಂದರು. ನಾನು ಕಾಲೇಜಿಗೆ ರಜೆ ಹೇಳಿ, ಆಟೋದಲ್ಲಿ ನ್ಯೂ ಟೌನಿನ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇ ತೆಗೆದು ನನಗೆ ತೋರಿಸಿದರು. ದವಡೆ ಹಲ್ಲಿನ ಬೇರಿನ ಸುತ್ತ ಕೀವು ಕಟ್ಟಿತ್ತು. ಮೊದಲು ಕೀವು ತೆಗೆಯಬೇಕು, ಊತ ಇಳಿದ ಮೇಲೆ ಹಲ್ಲು ಕೀಳಬೇಕು, ಇನ್ನೆರಡು ದಿನ ಬಿಟ್ಟಿದ್ದರೆ ಕುತ್ತಿಗೆಗೆ ಇಳಿದು ಉಸಿರಿಗೇ ಕಷ್ಟವಾಗುತ್ತಿತ್ತು ಎಂದರು.

"ಗಟ್ಟಿ ಪದಾರ್ಥ ಅಗಿಯೋಕಾಗದೆ ತಿಂಗಳುಗಟ್ಟಲೆ ಆಗಿರ್ಬೇಕು. ಬಾಯಿ ವಾಸನೆನೂ ಬಂದಿರುತ್ತೆ. ಮನೇಲಿ ಯಾರೂ ಗಮನಿಸ್ಲಿಲ್ವಾ ಅಜ್ಜಿ?"

ನಾನು ಗೋಡೆಯ ಮೇಲಿದ್ದ ಹಲ್ಲಿನ ಚಿತ್ರ ನೋಡುತ್ತ ನಿಂತೆ. ನಾನು ಅಂದದ್ದನ್ನೆಲ್ಲ ಈಗ ಹೇಳುತ್ತಾರೆ ಎಂದುಕೊಂಡೆ. ಹೇಳಲಿ, ಹೇಳಿಬಿಡಲಿ ಎಂದೂ ಅನಿಸಿತು. ಅತ್ತೆ ಊದಿದ ಬಾಯಲ್ಲೇ ಕಷ್ಟಪಟ್ಟು ಹೇಳಿದರು.

"ನಾನೇ ಮುಚ್ಚಿಟ್ಟಿದ್ದೆ ಕಣವ್ವಾ. ನನ್ ಸೊಸೇನೇ ಮೊಕ ನೋಡಿ ಕಂಡಿಡಿದ್ಲು. ಕೆಲ್ಸಕ್ಕೆ ರಜ ಆಕಿ ಕರ್ಕಂಡ್ ಬಂದವ್ಳೆ."

"ಇಂಥ ಸೊಸೆ ಎಲ್ರಿಗೂ ಸಿಗಲ್ಲ ಬಿಡಿ" ಎಂದು ಡಾಕ್ಟರು ನನ್ನ ಕಡೆ ತಿರುಗಿ ನಕ್ಕರು.

ಅಲ್ಲ ಎನ್ನಬೇಕಿತ್ತು. "ಥ್ಯಾಂಕ್ಯೂ ಡಾಕ್ಟರ್" ಎಂದೆ.