ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಯಾರಾದರೂ ನನ್ನನ್ನು ಧೈರ್ಯವಂತೆ ಅಂದರೆ ಮೈ ಉರಿಯುತ್ತದೆ. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಒಂದು ದಡ್ಡ ಕೆಲಸ ಮಾಡಿದೆ, ಅದನ್ನು ಮುಚ್ಚಲಿಕ್ಕೆ ಒಂದು ಸುಳ್ಳು ಹೇಳಿದೆ. ಆ ಸುಳ್ಳಿನ ದೆಸೆಯಿಂದ ಈ ವಯಸ್ಸಿನಲ್ಲಿ ಮಂಡಿನೋವು ಕಟ್ಟಿಕೊಂಡು ಠಾಣೆಯ ಕೋರ್ಟಿಗೆ ಅಲೆಯುತ್ತಿದ್ದೇನೆ.

ನಾನು ಮುಂಬಯಿ ಪಕ್ಕದ ಈ ಠಾಣೆ ಊರಿನ ಒಂದು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಟೀಚರಾಗಿದ್ದವಳು. ಮಕ್ಕಳಿಲ್ಲದೆ ಶಾಲೆ ಮುಚ್ಚಿತು, ನಾನೂ ರಿಟೈರ್ ಆದೆ. ಸುಮ್ಮನೆ ಕೂತು ಟಿವಿ ನೋಡುವ ಜಾತಕ ನನ್ನದಲ್ಲ. ಹದಿನೈದು ದಿನಕ್ಕೊಮ್ಮೆ ಎಂಟು ಪುಟದ ಒಂದು ಕನ್ನಡ ಪತ್ರಿಕೆ ಶುರುಮಾಡಿದೆ. ಕೋಪರಿಯ ನಮ್ಮ ಮನೆಯ ಊಟದ ಮೇಜೇ ಅದರ ಆಫೀಸು. ಕಲ್ಯಾಣದಲ್ಲಿ ಪ್ರಿಂಟ್, ಡೊಂಬಿವಲಿಯಲ್ಲಿ ಒಬ್ಬ ಉಡುಪಿ ಹೋಟೆಲಿನವರು ಗಲ್ಲೆಯ ಪಕ್ಕ ಇಡಲಿಕ್ಕೆ ಜಾಗ ಕೊಟ್ಟಿದ್ದರು. ಕನ್ನಡ ಸಂಘದ ಅರಸಿನ ಕುಂಕುಮ, ಯಕ್ಷಗಾನ, ಹತ್ತನೇ ಕ್ಲಾಸು ಪಾಸಾದ ಮಕ್ಕಳ ಫೋಟೋ, ಮತ್ತೆ ಶ್ರದ್ಧಾಂಜಲಿ. ‘ನಿನ್ನ ಪೇಪರಿನಲ್ಲಿ ಬದುಕಿದವರಿಗಿಂತ ಸತ್ತವರೇ ಜಾಸ್ತಿ’ ಅಂತ ನಮ್ಮ ಯಜಮಾನರು ತಮಾಷೆ ಮಾಡುತ್ತಿದ್ದರು. ಅಂಥ ಪತ್ರಿಕೆಗೆ ಪೊಲೀಸರು ಯಾಕೆ ಬರಬೇಕು ಹೇಳಿ.

ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಅವಳ ಅಪ್ಪ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವರು. ಮಗಳು ಹಟ ಹಿಡಿದು ಓದಿ, ಪರೀಕ್ಷೆ ಬರೆದು, ನವಿ ಮುಂಬಯಿಯ ಒಂದು ಸರ್ಕಾರಿ ಆಫೀಸಿನಲ್ಲಿ ಕ್ಲರ್ಕ್ ಆದಳು. ಗಂಡ ತೀರಿಕೊಂಡ ಮೇಲೆ ಆ ಒಂದು ನೌಕರಿಯ ಮೇಲೆಯೇ ಸಂಸಾರ. ತಿಂಗಳಿಗೆ ಎರಡು ಸಲವಾದರೂ ಮಗಳನ್ನು ಕರೆದುಕೊಂಡು ಘಣಸೋಲಿಯಿಂದ ನಮ್ಮಲ್ಲಿಗೆ ಬರುವಳು. ಮಗುವಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಆ ದಿನ ಒಬ್ಬಳೇ ಬಂದಿದ್ದಳು. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತಳು.

‘ಎಂತ ಆಯ್ತು ಮಾರಾಯ್ತಿ?’ ಅಂದೆ.

ಚೀಲದಿಂದ ಹದಿನಾಲ್ಕು ಪುಟದ ಒಂದು ಝೆರಾಕ್ಸ್ ತೆಗೆದಳು. ಮರಾಠಿಯ ರಿಪೋರ್ಟು. ಪುಟಪುಟಕ್ಕೂ ‘ಗೋಪನೀಯ’ ಅಂತ ಠಸ್ಸೆ. ಖಾಡಿಯ, ಅಂದರೆ ಹಿನ್ನೀರಿನ, ಬದಿಯ ಸಾಲುಮನೆಯ ಚಾಳುಗಳಿಗೆ ಹೋಗುವ ಕುಡಿಯುವ ನೀರಿನ ಪೈಪು ಮತ್ತು ಕಾರ್ಖಾನೆಗಳ ಹೊಲಸಿನ ಪೈಪು ಅಕ್ಕಪಕ್ಕ ತುಕ್ಕು ಹಿಡಿದು ಸೋರುತ್ತಿವೆ, ಆ ನೀರನ್ನು ಮಕ್ಕಳಿಗೆ ಕೊಡಲೇಬಾರದು ಅಂತ ಇಲಾಖೆಯ ಇಂಜಿನಿಯರೇ ಬರೆದದ್ದು. ಬರೆದು ಎರಡು ವರ್ಷವಾಗಿತ್ತು. ಜನ ಗಾಬರಿಯಾಗುತ್ತಾರೆ ಅಂತ ಗುಟ್ಟಾಗಿ ಇಟ್ಟಿದ್ದರಂತೆ.

‘ಕಪಾಟಿನಲ್ಲಿಟ್ಟು ಬೀಗ ಹಾಕು ಅಂದ್ರು ಟೀಚರ್. ಬೀಗದಕೈ ನನ್ನ ಹತ್ರವೇ ಉಂಟು,’ ಅಂದಳು. ‘ಮೊನ್ನೆ ಸಾಹೇಬ್ರ ಜೊತೆ ಆ ಕಡೆ ಹೋಗಿದ್ದೆ. ಎಲ್ಲ ನಮ್ಮ ಬಿಜಾಪುರ, ಗುಲ್ಬರ್ಗ ಕಡೆಯ ಕಟ್ಟಡ ಕೆಲಸದವರು. ನಾನು ಕನ್ನಡ ಮಾತಾಡಿದ್ದಕ್ಕೆ ಒಬ್ಬಳಿಗೆ ಖುಷಿಯಾಗಿ, ಬಿಸಿಲಾಗ ಬಂದೀರಿ, ನೀರು ಕುಡೀರಿ ಅಕ್ಕಾ ಅಂತ ತಂಬಿಗೆ ಕೊಟ್ಟಳು. ನಾನು ಕುಡೀಲಿಲ್ಲ. ಬೇಡ ಅಂತಲೂ ಹೇಳ್ಲಿಕ್ಕಾಗ್ಲಿಲ್ಲ. ಅವಳ ಮಗು ಅದೇ ತಂಬಿಗೆಯಿಂದ ಕುಡೀತು.’

ಒಬ್ಬ ಮರಾಠಿ ಪತ್ರಕರ್ತನಿಗೆ ಮೊದಲೇ ಕೊಟ್ಟಿದ್ದಳಂತೆ. ಅವನು ಎರಡು ತಿಂಗಳು ಇಟ್ಟುಕೊಂಡು, ನಮ್ಮ ವಕೀಲರು ಬೇಡ ಅಂದರು ಅಂತ ವಾಪಸು ಕೊಟ್ಟನಂತೆ. ದೊಡ್ಡವರ ಹತ್ತಿರ ವಕೀಲರಿರುತ್ತಾರೆ. ನನ್ನ ಹತ್ತಿರ ಯಾರಿದ್ದಾರೆ? ನಾನು ಹಾಕುತ್ತೇನೆ ಅಂದೆ.

ನನ್ನದು ಸಂತೆ ಮರಾಠಿ. ಬಸ್ಸಿನಲ್ಲಿ ಜಗಳವಾಡಬಲ್ಲೆ, ಸರ್ಕಾರಿ ಮರಾಠಿ ನನ್ನ ತಲೆಗೆ ಹತ್ತುವುದಿಲ್ಲ. ಅದು ಅವಳಿಗೆ ಗೊತ್ತು. ಅದಕ್ಕೇ ಆ ಝೆರಾಕ್ಸಿನ ಅಂಚಿನಲ್ಲೆಲ್ಲ ಪೆನ್ಸಿಲಿನಿಂದ ಕನ್ನಡದಲ್ಲಿ ಅರ್ಥ ಬರೆದು ತಂದಿದ್ದಳು, ಶಾಲೆಯಲ್ಲಿ ಪಾಠಪುಸ್ತಕದ ಮಗ್ಗುಲಲ್ಲಿ ಬರೆದುಕೊಳ್ಳುತ್ತಿದ್ದ ಹಾಗೆ. ಎಷ್ಟು ದುಂಡು ಅಕ್ಷರ! ನನಗೆ ಹೆಮ್ಮೆಯೇ ಆಯಿತು. ಅಲ್ಲೇ ನಾನು ಕೆಟ್ಟದ್ದು.

ರಿಪೋರ್ಟು ನಿಜದ್ದು ಅಂತ ಜನ ನಂಬಬೇಕಲ್ಲ, ಎರಡು ಪುಟದ ಫೋಟೋ ಹಾಕುವುದು ಅಂತ ನಿಶ್ಚಯಿಸಿದೆ. ಕಲ್ಯಾಣದ ಪ್ರಿಂಟರು ಕಂಪ್ಯೂಟರಿನಲ್ಲಿ ಪುಟ ಕೂರಿಸುತ್ತಾ, ‘ಈ ಪೆನ್ಸಿಲಿನದ್ದು ಅಳಿಸಿಬಿಡಲಾ ಮೇಡಂ? ಎರಡು ನಿಮಿಷದ ಕೆಲಸ’ ಅಂತ ಕೇಳಿದರು. ಬಾಯಿಬಿಟ್ಟು ಕೇಳಿದರು. ನಾನು, ಮಹಾ ಬುದ್ಧಿವಂತೆ, ‘ಬೇಡ ಬೇಡ, ಇರಲಿ. ನಮ್ಮ ಚಾಳಿನವರಿಗೆ ಮರಾಠಿ ಓದಲಿಕ್ಕೆ ಬರುವುದಿಲ್ಲ, ಇದನ್ನು ಓದಿದರೆ ಅರ್ಥವಾಗುತ್ತದೆ’ ಅಂದೆ. ಬೇರೆ ಭಾಷೆಯ ಪತ್ರಿಕೆಯವರಾದರೆ ಆ ಕನ್ನಡವನ್ನು ಅಳಿಸಿಯೇ ಹಾಕುತ್ತಿದ್ದರು. ಅವಳು ತಾನೇ ಇದನ್ನು ನೋಡಿಕೊಂಡಳಾ? ಪತ್ರಿಕೆ ಬಂದ ದಿನ ಖುಷಿಯಲ್ಲಿ ಅವಳೂ ನೋಡಿಕೊಳ್ಳಲಿಲ್ಲ.

ಖುಷಿ ಇತ್ತು, ಸುಳ್ಳು ಯಾಕೆ ಹೇಳಲಿ. ಚಾಳಿನವರು ಪತ್ರಿಕೆ ಹಿಡಿದುಕೊಂಡು ಇಲಾಖೆಯ ಆಫೀಸಿನ ಮುಂದೆ ಕೂತರು. ಮರಾಠಿ ಚಾನೆಲಿನವರು ನನ್ನ ಆ ಬಡ ಪುಟವನ್ನು ಟಿವಿಯಲ್ಲಿ ತೋರಿಸಿದರು. ಮೂರನೇ ದಿನ ನೀರಿನ ಟ್ಯಾಂಕರು ಬಂತು. ನನ್ನ ಫೋನಿನಲ್ಲಿ ಕೈಮುಗಿದ ಚಿತ್ರಗಳ ಮಳೆ. ಸಂಘದವರು ಶಾಲು ಹೊದಿಸುತ್ತೇವೆ ಅಂದರು.

ಎಂಟನೇ ದಿನ ಗುರುತಿಲ್ಲದ ನಂಬರಿನಿಂದ ಫೋನು. ಅವಳೇ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಯಾರದೋ ಫೋನು ಕೇಳಿ ತೆಗೆದುಕೊಂಡಿದ್ದಳು.

‘ಟೀಚರ್, ಪುಟ ದೊಡ್ಡದು ಮಾಡಿ ಮೇಜಿನ ಮೇಲೆ ಇಟ್ಟಿದ್ದಾರೆ. ಇದೇನು ತೆಲುಗಾ ಅಂತ ಕೇಳಿದ್ರು ಸಾಹೇಬ್ರು. ಕನ್ನಡ ಅಂತ ಯಾರೋ ಹೇಳಿದ್ರು. ನನ್ನನ್ನು ಕರೆದು, ನಿನಗೆ ಬರ್ತದಲ್ಲ, ಓದು ಅಂದ್ರು. ನಾನು ಬರೆದದ್ದನ್ನು ನಾನೇ ಓದಿ ಮರಾಠಿಯಲ್ಲಿ ಹೇಳಿದೆ ಟೀಚರ್. ಆಫೀಸಿನಲ್ಲಿ ಕನ್ನಡದವಳು ನಾನೊಬ್ಬಳೇ.’

ನಾನು ಫೋನು ಕಿವಿಗಿಟ್ಟುಕೊಂಡೇ ಪತ್ರಿಕೆ ತೆಗೆದು ನೋಡಿದೆ. ಅಂಚಿನುದ್ದಕ್ಕೂ ಅವಳ ದುಂಡು ಅಕ್ಷರ. ಹೆಸರೊಂದು ಬರೆದಿರಲಿಲ್ಲ, ಅಷ್ಟೇ. ದೇವರೇ, ನಾನೆಂಥ ಹೆಂಗಸು!

‘ನಾನೇ ಹೋಗಿ ಒಪ್ಪಿಕೊಳ್ತೇನೆ. ನಿಮಗೆ ತೊಂದರೆ ಬೇಡ,’ ಅಂದಳು.

‘ಬಾಯಿ ಮುಚ್ಚು,’ ಅಂದೆ. ಕ್ಲಾಸಿನಲ್ಲಿ ಗದರುತ್ತಿದ್ದ ಅದೇ ಸ್ವರ ಬಂತು. ‘ನಿನಗೆ ನೌಕರಿ ಹೋದರೆ ಆ ಮಗುವಿನ ಗತಿ ಎಂತ? ಜೈಲಿಗೆ ಹಾಕಿದರೆ ಎಂತ? ನನಗೆ ಕಿತ್ತುಕೊಳ್ಳಲಿಕ್ಕೆ ಎಂತ ಉಂಟು, ಈ ಮಂಡಿಯಾ? ಇವತ್ತಿನಿಂದ ನಿನಗೆ ನನ್ನ ಗುರ್ತ ಇಲ್ಲ. ಫೋನು ಬೇಡ, ಭಾನುವಾರ ಬೇಡ. ರಸ್ತೆಯಲ್ಲಿ ಕಂಡರೂ ಮಾತಾಡಬೇಡ.’

ಅವಳು ಅತ್ತಳು. ನಾನು ಫೋನು ಇಟ್ಟೆ.

ಪೊಲೀಸರು ಬರುವ ಮೊದಲು ಡೊಂಬಿವಲಿಯ ಹೋಟೆಲಿನವರು ಬಂದರು. ನಮ್ಮೂರ ಕಡೆಯವರೇ, ಒಳ್ಳೆಯ ಮನುಷ್ಯ. ಒಂದೇ ವಾರದಲ್ಲಿ ಮೂರು ಸಲ ಇನ್‌ಸ್ಪೆಕ್ಷನ್ ಆಗಿತ್ತಂತೆ, ಅಡುಗೆಮನೆಯ ಜಾಲರಿಯವರೆಗೂ ತಪ್ಪು ಹುಡುಕಿದರಂತೆ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು ನನ್ನ ಕತೆ. ನಮಗೆ ಯಾಕೆ ಟೀಚರ್ ಊರ ಉಸಾಬರಿ? ಬೇರೆ ರಾಜ್ಯದಲ್ಲಿ ಅನ್ನ ತಿನ್ನುವವರು. ಯಾರು ಕೊಟ್ಟರು ಅಂತ ಹೇಳಿ ಕೈ ತೊಳೆದುಕೊಳ್ಳಿ’ ಅಂದರು. ನನಗೆ ಸಿಟ್ಟು ಬಂತು. ‘ಆ ನೀರಿನಲ್ಲಿ ನೀವು ಸಾಂಬಾರು ಮಾಡ್ತೀರಾ?’ ಅಂತ ಕೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು, ಅವರ ಹೊಟ್ಟೆಪಾಡು ಅವರಿಗೆ.

ಆಮೇಲೆ ಠಾಣೆಗೆ ಕರೆಸಿದರು, ಪೊಲೀಸ್ ಠಾಣೆಗೆ. ಇನ್‌ಸ್ಪೆಕ್ಟರು ಮರ್ಯಾದಸ್ಥ. ಮರಾಠಿ ಶಾಲೆಗಳಲ್ಲಿ ಟೀಚರಿಗೆ ಅನ್ನುವ ಹಾಗೆ ನನ್ನನ್ನು ‘ಬಾಈ’ ಅಂದ, ಕುರ್ಚಿ ಕೊಟ್ಟ, ಚಹಾ ತರಿಸಿದ. ಸರ್ಕಾರಿ ರಹಸ್ಯ ಅಂದರೆ ಆಟವಲ್ಲ ಬಾಈ, ಯಾರು ಕೊಟ್ಟರು ಹೇಳಿಬಿಡಿ, ನೀವು ಬರೀ ಸಾಕ್ಷಿಯಾಗುತ್ತೀರಿ, ಮನೆಗೆ ಹೋಗಿ ಆರಾಮಾಗಿರಿ ಅಂದ.

‘ಬಾಗಿಲ ಕೆಳಗಿನಿಂದ ಯಾರೋ ತಳ್ಳಿ ಹೋಗಿದ್ದರು,’ ಅಂದೆ. ‘ಮತ್ತೆ ಒಂದು ಮಾತು. ಕುಡಿಯುವ ನೀರು ಎಂಥದ್ದು ಅಂತ ಕುಡಿಯುವವರಿಗೆ ಹೇಳಿದ್ದು ಅಪರಾಧ ಹೇಗಾಗುತ್ತದೆ? ಠಸ್ಸೆ ಹೊಡೆದ ಕೂಡಲೇ ವಿಷ ಗುಟ್ಟಾಗುತ್ತದಾ?’

ಅವನು ನಕ್ಕ. ಪುಟದ ಅಂಚಿಗೆ ಬೆರಳಿಟ್ಟ. ‘ಇದು ಯಾರ ಅಕ್ಷರ?’

‘ನನ್ನದೇ.’

‘ಹಾಗಾದರೆ ಬರೆದು ತೋರಿಸಿ,’ ಅಂದ. ಎರಡು ದಿನ ಬಿಟ್ಟು ಬನ್ನಿ, ಕನ್ನಡ ಓದಬಲ್ಲ ಒಬ್ಬರನ್ನು ಪಂಚಸಾಕ್ಷಿಯಾಗಿ ಕರೆಸುತ್ತೇವೆ ಅಂದ.

ಆ ಎರಡು ದಿನ ನಾನು ಅನ್ನ ಸರಿಯಾಗಿ ಉಣ್ಣಲಿಲ್ಲ. ಅವಳ ಅಕ್ಷರವನ್ನು ನೋಡಿ ಅಭ್ಯಾಸ ಮಾಡೋಣ ಅಂತ ಮೇಜಿನ ಮುಂದೆ ಕೂತೆ. ಮೊದಲ ಸಾಲು ನನ್ನದೇ ಕೈಯಲ್ಲಿ ಬರೆದು ಪಕ್ಕದಲ್ಲಿಟ್ಟು ನೋಡಿದರೆ, ಅಯ್ಯೋ, ಅಭ್ಯಾಸವೇ ಬೇಡ. ಅದೇ ದುಂಡು, ಅದೇ ಕೊಂಬು, ಸಾಲಿನ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಹೋಗುವ ಅದೇ ಚಾಳಿ. ಕಾಪಿ ಬರೆಸಿ ಬರೆಸಿ, ಕೆಟ್ಟದಾದರೆ ಅಡಿಕೋಲಿನಿಂದ ಬೆರಳಿಗೆ ಕೊಟ್ಟು, ನನ್ನ ಅಕ್ಷರವನ್ನೇ ಆ ಮಕ್ಕಳ ಕೈಗೆ ಕೂರಿಸಿದ್ದೆನಲ್ಲ! ಹೊಡೆದದ್ದಕ್ಕೆ ಎಷ್ಟೋ ವರ್ಷ ಪಶ್ಚಾತ್ತಾಪವಿತ್ತು. ಆ ದಿನ ಮಾತ್ರ ನಾನು ನಕ್ಕೆ, ಆಮೇಲೆ ಅತ್ತೆ. ಯಜಮಾನರು ಬಿಪಿ ಮಾತ್ರೆ ತಂದುಕೊಟ್ಟರು.

ಪಂಚ ಅಂತ ಕೂತಿದ್ದವರು ಅದೇ ಹೋಟೆಲಿನವರು. ನಾನು ಬರೆದೆ. ಅವರು ಕನ್ನಡಕ ಹಾಕಿಕೊಂಡು ಆ ಪುಟ, ಈ ಪುಟ, ಆ ಪುಟ, ಈ ಪುಟ ಅಂತ ನೋಡಿದರು. ನನ್ನ ಕೈಗೆ ವಯಸ್ಸಾದ ನಡುಕವಿದೆ, ಅಂಚಿನ ಅಕ್ಷರದಲ್ಲಿ ಅದಿಲ್ಲ. ಕಣ್ಣಿದ್ದವರಿಗೆ ಕಾಣುತ್ತದೆ. ‘ಒಂದೇ ಕೈ ಸಾರ್’ ಅಂತ ಹೇಳಿ ಸಹಿ ಹಾಕಿದರು.

ಹೊರಗೆ ರಿಕ್ಷಾ ಸ್ಟ್ಯಾಂಡಿನ ಹತ್ತಿರ ನನ್ನ ಮುಖ ನೋಡದೆ ಹೇಳಿದರು: ‘ನನ್ನ ಮಗಳೂ ನಿಮ್ಮ ಕ್ಲಾಸಿನಲ್ಲೇ ಕಲಿತದ್ದು ಟೀಚರ್. ಅವಳದ್ದೂ ಇದೇ ಅಕ್ಷರ. ನಾನು ಎಂತ ಕೇಳುವುದಿಲ್ಲ.’ ಒಂದು ರಿಕ್ಷಾಕ್ಕೆ ಕೈ ತೋರಿಸಿ, ‘ಇನ್ನು ಪೇಪರು ಮಾತ್ರ ಗಲ್ಲೆಯ ಹತ್ತಿರ ಇಡಲಾರೆ. ಬೇಜಾರು ಮಾಡಬೇಡಿ’ ಅಂದರು. ಬೇಜಾರು ಮಾಡಲಿಲ್ಲ. ಆ ಸಹಿಗೆ ನಾನು ಅವರ ಕಾಲಿಗೆ ಬಿದ್ದರೂ ಕಡಿಮೆಯೇ.

ಬರಹ ನನ್ನದೇ ಅಂತ ಒಪ್ಪಿಕೊಂಡ ಮೇಲೆ ಕೇಸೂ ನನ್ನದೇ ಆಯಿತು. ಕಂಪ್ಯೂಟರು, ಫೋನು ತೆಗೆದುಕೊಂಡು ಹೋದರು. ಕಲ್ಯಾಣದ ಪ್ರಿಂಟರು ಮಿಷನ್ ಕೆಟ್ಟಿದೆ ಅಂದರು, ಮುಂದಿನ ತಿಂಗಳೂ ಕೆಟ್ಟೇ ಇತ್ತು. ಶಾಲು ಹೊದಿಸುವವರು ಹಾಲ್ ಸಿಗಲಿಲ್ಲ ಅಂದರು. ಯಾರೂ ನನ್ನ ಪತ್ರಿಕೆ ನಿಲ್ಲಿಸಿ ಅಂತ ಒಂದು ಕಾಗದ ಕೂಡ ಬರೆಯಲಿಲ್ಲ, ಆದರೂ ಅದು ನಿಂತಿತು. ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಿ ಅಂತ ಕಾಲೇಜಿನವರು ಕರೆಯುತ್ತಾರೆ. ಹೋಗಿ ಎಂತ ಹೇಳಲಿ? ಬರೆದ ಕೈಯನ್ನು ಕಾಪಾಡಲಾಗದಿದ್ದರೆ ಪ್ರಿಂಟು ಹಾಕಬೇಡಿ ಅಂತ ಹೇಳಲೇ? ಹಾಗೆ ಹೇಳಿದರೆ ಆ ತಂಬಿಗೆ ನೀರಿನ ಮಗುವಿನ ಸುದ್ದಿ ಯಾರು ಹಾಕುತ್ತಾರೆ? ನನಗೆ ಸುಸ್ತಾಗಿದೆ. ಪೈಪು ಬದಲಾಯಿಸಿದ್ದೇವೆ ಅಂತ ಇಲಾಖೆ ಹೇಳಿತು, ಟ್ಯಾಂಕರು ನಿಂತಿತು. ಬದಲಾಯಿಸಿದ್ದು ಹೌದೋ ಅಲ್ಲವೋ, ತೋರಿಸುವ ಕಾಗದ ಮತ್ತೆ ಯಾವುದೋ ಕಪಾಟಿನಲ್ಲಿರಬೇಕು.

ಅಕ್ಷರದ ಪುಟಗಳು ಪರೀಕ್ಷೆಗೆ ಲ್ಯಾಬಿಗೆ ಹೋಗಿವೆ, ಇನ್ನೂ ಬಂದಿಲ್ಲ. ಬರುವವರೆಗೆ ಅವಳು ಪೂರ್ತಿ ಪಾರಾದಳು ಅಂತ ಹೇಳುವ ಹಾಗಿಲ್ಲ. ಒಂದೂವರೆ ವರ್ಷದಿಂದ ನಾವು ಒಂದು ಮಾತೂ ಆಡಿಲ್ಲ.

ಮೊನ್ನೆ ಕೋರ್ಟಿನಲ್ಲಿ ಮತ್ತೊಂದು ತಾರೀಖು ತೆಗೆದುಕೊಂಡು ಠಾಣೆ ರೈಲ್ವೆ ಸ್ಟೇಷನ್ನಿನ ಸೇತುವೆ ದಾಟುತ್ತಿದ್ದೆ. ಅರ್ಧದಲ್ಲಿ ಕಾಲು ಸೋತು ಕಂಬಿ ಹಿಡಿದು ನಿಂತೆ. ಎದುರಿನಿಂದ ಅವಳು ಬಂದಳು. ರೇಷ್ಮೆ ಸೀರೆ, ಜೊತೆಗೆ ಹಾಗೆಯೇ ಉಟ್ಟ ಇಬ್ಬರು ಹೆಂಗಸರು, ಯಾರದೋ ಮದುವೆಗೆ ಹೊರಟ ಆಫೀಸಿನವರು ಅಂತ ಮಾತಿನಿಂದ ಗೊತ್ತಾಯಿತು. ಮಗಳೂ ಇದ್ದಳು, ಎಷ್ಟು ಎತ್ತರವಾಗಿದ್ದಾಳೆ! ಮಗಳೇ ನನ್ನನ್ನು ಮೊದಲು ನೋಡಿದ್ದು. ‘ಆಜೀ!’ ಅಂತ ಕೂಗಿ ಕೈ ಎತ್ತಿದಳು.

ಜೊತೆಯ ಹೆಂಗಸರು ತಿರುಗಿ ನೋಡಿದರು. ಯಾರು ಅವರು ಅಂತ ಒಬ್ಬಳು ಕೇಳಿದಳು.

‘ಯಾರೋ ಏನೋ. ಇವಳಿಗೆ ಬಿಳಿ ಕೂದಲಿನವರೆಲ್ಲ ಅಜ್ಜಿಯೇ,’ ಅಂತ ಅವಳು ಮರಾಠಿಯಲ್ಲಿ ನಗುತ್ತಾ ಹೇಳಿದಳು. ಸ್ವರ ಒಂದಿಷ್ಟೂ ನಡುಗಲಿಲ್ಲ.

ಮಗು ಒಪ್ಪಲಿಲ್ಲ. ನಿಂತು ನನ್ನ ಮುಖವನ್ನೇ ನೋಡಿತು, ನೀವಾದರೂ ಹೇಳಿ ಅನ್ನುವ ಹಾಗೆ. ನಾನು, ಯಾರಮ್ಮ ನೀನು, ನನಗೆ ಗುರ್ತ ಸಿಗಲಿಲ್ಲ ಅನ್ನುವ ಮುಖ ಮಾಡಿದೆ. ಅದು ಪಾಪ, ತಾನೇ ತಪ್ಪು ನೋಡಿದೆ ಅಂದುಕೊಂಡು ನಾಚಿ, ಕೈ ಇಳಿಸಿ, ತಾಯಿಯ ಹಿಂದೆ ಹೋಯಿತು.